ಉತ್ಸರ್ಗ ಸಮಿತಿಯೂ ಹಳೆಯ ಬ್ಯಾಟರಿಯೂ

ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸೇರಿದ ಐದು ಸಮಿತಿಗಳನ್ನು ನಮ್ಮ ಪಾಠಶಾಲೆಯ ಮಕ್ಕಳೂ ಒಪ್ಪಿಸಬಲ್ಲರು: ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪ, ಉತ್ಸರ್ಗ. ನೆಲವನ್ನು ನೋಡಿ ನಡೆಯುವುದು, ಹಿತಮಿತವಾಗಿ ನುಡಿಯುವುದು, ನಿರ್ದೋಷವಾದ ಆಹಾರವನ್ನೇ ಸ್ವೀಕರಿಸುವುದು, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಪಿಂಛಿಯಿಂದ ಸವರಿ ನೋಡುವುದು ಎಂಬ ಮೊದಲ ನಾಲ್ಕನ್ನು ಕುರಿತು ಚಾತುರ್ಮಾಸದ ಪ್ರವಚನಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಐದನೆಯದನ್ನು ಕುರಿತು ಮಾತು ಕಡಿಮೆ. ಅದು ಮಲಮೂತ್ರಾದಿಗಳ ವಿಸರ್ಜನೆಗೆ ಸಂಬಂಧಿಸಿದ್ದಾದುದರಿಂದ ಸಭೆಯಲ್ಲಿ ವಿಸ್ತರಿಸಲು ಸಂಕೋಚವೇನೋ. ಜೀವಜಂತುಗಳಿಲ್ಲದ, ಯಾರಿಗೂ ಬಾಧೆಯಾಗದ ಸ್ಥಳವನ್ನು ನೋಡಿ, ಶೋಧಿಸಿ, ಅಲ್ಲಿಯೇ ವಿಸರ್ಜಿಸಬೇಕೆಂಬುದು ಅದರ ಸಾರ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಇದಕ್ಕೆ ಇನ್ನೊಂದು ಹೆಸರುಂಟು: ಪ್ರತಿಷ್ಠಾಪನಾ ಸಮಿತಿ. ಬಸದಿಯಲ್ಲಿ ಜಿನಬಿಂಬವನ್ನು ನೆಲೆಗೊಳಿಸುವುದಕ್ಕೆ ನಾವು ಯಾವ ಪದವನ್ನು ಬಳಸುತ್ತೇವೆಯೋ ಅದೇ ಪದವನ್ನು ಪ್ರಾಚೀನರು, ದೇಹವು ಬೇಡವೆಂದು ಬಿಟ್ಟ ವಸ್ತುವನ್ನು ನೆಲದ ಮೇಲೆ ಇಡುವುದಕ್ಕೂ ಬಳಸಿದರು. ಬೇಡವಾದುದನ್ನು ಕೈಬಿಟ್ಟರೆ ಮುಗಿಯಲಿಲ್ಲ, ಅದು ಎಲ್ಲಿ ಹೋಗಿ ನೆಲೆಗೊಂಡಿತು ಎಂಬವರೆಗೂ ಎಚ್ಚರವು ಮುಂದುವರಿಯಬೇಕು ಎಂಬ ಅರ್ಥ ಆ ಹೆಸರಿನಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಶ್ರಾವಕನಿಗೆ ಈ ಸಮಿತಿಗಳು ಮಹಾವ್ರತದ ಅಂಗವಾಗಿ ವಿಹಿತವಲ್ಲ. ಯಥಾಶಕ್ತಿ ಅಭ್ಯಾಸವಾಗಿ ಮಾತ್ರ. ನಮ್ಮ ಹಿರಿಯರ ಕಾಲದಲ್ಲಿ ಐದನೆಯದರ ಅಭ್ಯಾಸಕ್ಕೆ ವಿಶೇಷ ಶ್ರಮವೂ ಬೇಕಿರಲಿಲ್ಲ. ಮನೆಯಿಂದ ಹೊರಬೀಳುತ್ತಿದ್ದುದು ಬೂದಿ, ಸಗಣಿ, ಹರಕು ಅರಿವೆ, ಒಡೆದ ಗಡಿಗೆ. ಅವು ತಿಪ್ಪೆಗೆ ಹೋಗಿ, ಯುಗಾದಿಯ ಮುಂಚೆ ಬಂಡಿಯಲ್ಲಿ ಹೊಲ ಸೇರುತ್ತಿದ್ದವು. ನಮ್ಮ ಹೂಲಿ ಪ್ರಾಚೀನ ಊರು. ಪಂಚಲಿಂಗೇಶ್ವರ ದೇವಾಲಯವೂ ಇತರ ಗುಡಿಗಳೂ ಚಾಲುಕ್ಯರ ಕಾಲವನ್ನು ನೆನಪಿಸುತ್ತ ನಿಂತಿವೆ. ಇಲ್ಲಿಯ ಶಾಸನಗಳಲ್ಲಿ ಯಾಪನೀಯ ಸಂಘದ ಮುನಿಗಳ ಉಲ್ಲೇಖವಿದೆ. ಸಾವಿರ ವರ್ಷಗಳ ಹಿಂದಿನವರು ನಮಗೆಂದು ನೆಲದಲ್ಲಿ ಉಳಿಸಿಹೋದದ್ದು ಕಲ್ಲು ಮತ್ತು ಅಕ್ಷರ. ನಾವು ಉಳಿಸಿಹೋಗುವ ವಸ್ತುಗಳಲ್ಲಿ ಒಂದನ್ನು ಕುರಿತು ಈ ಲೇಖನ.

ನಮ್ಮ ಸೀಮೆಯಲ್ಲಿ ಬ್ಯಾಟರಿ ಎಂದರೆ ಮೊದಲಿಗೆ ಕೈಯಲ್ಲಿ ಹಿಡಿಯುವ ಟಾರ್ಚು ಎಂದೇ ಅರ್ಥವಿತ್ತು. ಅದರೊಳಗೆ ಹಾಕುವುದಕ್ಕೆ ಸೆಲ್ಲು ಎನ್ನುತ್ತಿದ್ದರು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವರ ಕೈಯಲ್ಲಿ ಅದೊಂದು, ಕೋಲೊಂದು. ಸತ್ತ ಸೆಲ್ಲನ್ನು ಹುಡುಗರು ಒಡೆದು ಒಳಗಿನ ಕರಿಯ ಕಡ್ಡಿಯನ್ನು ತೆಗೆದು ಗೋಡೆಯ ಮೇಲೆ ಗೀಚುತ್ತಿದ್ದರು. ಹೊರಗಿನ ಡಬ್ಬಿ ಸತುವಿನದು. ಒಳಗೆ ಮ್ಯಾಂಗನೀಸ್ ಡೈಆಕ್ಸೈಡಿನ ಕರಿಯ ಪುಡಿ, ನವಸಾಗರದ ಸರಿ, ನಡುವೆ ಇಂಗಾಲದ ಕಡ್ಡಿ. ಹಿಂದಿನ ಕಾಲದ ಸೆಲ್ಲುಗಳಲ್ಲಿ ಸತುವು ಬೇಗ ಸವೆಯದಿರಲೆಂದು ಅಲ್ಪ ಪ್ರಮಾಣದ ಪಾದರಸವನ್ನೂ ಸೇರಿಸುತ್ತಿದ್ದರು.

ಜೈನ ಸಮಾಜದಲ್ಲಿ ವಿದ್ಯುತ್ತನ್ನು ಕುರಿತು ಚರ್ಚೆಯೇ ನಡೆದಿಲ್ಲವೆಂದಲ್ಲ. ವಿದ್ಯುದ್ದೀಪದ ಬೆಳಕು ಸಚಿತ್ತ ತೇಜಸ್ಕಾಯವೋ ಅಚಿತ್ತವೋ, ಮುನಿಗಳ ಮುಂದೆ ಧ್ವನಿವರ್ಧಕವನ್ನು ಇಡಬಹುದೋ ಬಾರದೋ ಎಂಬುದನ್ನು ನಮ್ಮ ಆಮ್ನಾಯಗಳ ವಿದ್ವಾಂಸರು ದಶಕಗಳ ಕಾಲ ವಾದಿಸಿದ್ದಾರೆ. ಆ ವಾದದ ಮೌಲ್ಯವನ್ನು ನಾನು ಕಡಿಮೆ ಮಾಡಲಾರೆ. ಆದರೆ ದೀಪ ಉರಿಯುವಾಗ ಎಷ್ಟು ಜೀವಗಳಿಗೆ ಬಾಧೆ ಎಂದು ಲೆಕ್ಕ ಹಾಕಿದ ನಾವು, ದೀಪವನ್ನು ಉರಿಸಿದ ವಸ್ತು ಸತ್ತ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಈ ಎರಡನೆಯ ಪ್ರಶ್ನೆಯಲ್ಲಿ ಬಾಧೆಗೆ ಒಳಗಾಗುವುದು ಏಕೇಂದ್ರಿಯ ಜೀವಗಳಷ್ಟೇ ಅಲ್ಲ, ಸಂಜ್ಞೀ ಪಂಚೇಂದ್ರಿಯವಾದ ಮನುಷ್ಯಶಿಶು.

ಈಗ ಹಳ್ಳಿಯ ಒಂದು ಮಧ್ಯಮ ವರ್ಗದ ಮನೆಯಲ್ಲಿಯೂ ಬ್ಯಾಟರಿಗಳನ್ನು ಎಣಿಸಹೊರಟರೆ ಬೆರಳು ಸಾಲವು. ಟ್ರ್ಯಾಕ್ಟರಿನಲ್ಲಿ ಒಂದು, ಮೋಟರ್ ಸೈಕಲ್ಲಿನಲ್ಲಿ ಒಂದು, ಇನ್ವರ್ಟರಿಗೆ ಒಂದು, ಹತ್ತಿಗೆ ಔಷಧ ಹೊಡೆಯುವ ಬೆನ್ನಿನ ಪಂಪಿನಲ್ಲಿ ಒಂದು, ಮನೆಮಂದಿಯ ಮೊಬೈಲುಗಳಲ್ಲಿ ಒಂದೊಂದು, ಗೋಡೆಯ ಗಡಿಯಾರ, ಟಿವಿಯ ರಿಮೋಟು, ಸಕ್ಕರೆಕಾಯಿಲೆ ನೋಡುವ ಯಂತ್ರ, ಸಾಲದ್ದಕ್ಕೆ ಎಲ್ಲಮ್ಮನ ಜಾತ್ರೆಯಿಂದ ಮೊಮ್ಮಕ್ಕಳು ತರುವ ಮಿನುಗುವ ಆಟಿಕೆಗಳು. ಇವೆಲ್ಲ ಒಂದೇ ಜಾತಿಯವಲ್ಲ. ಅಪಾಯದ ದೃಷ್ಟಿಯಿಂದ ಮೊದಲು ಹೇಳಬೇಕಾದುದು ಸೀಸದ ಬ್ಯಾಟರಿಯನ್ನು.

ಇನ್ವರ್ಟರಿಗೆ ಹಾಕುವ ದೊಡ್ಡ ಬ್ಯಾಟರಿ ಐವತ್ತು ಕಿಲೋ ಮೀರಿ ತೂಗುತ್ತದೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಶೇಕಡಾ 60ರಷ್ಟು ಸೀಸ ಮತ್ತು ಸೀಸದ ಸಂಯುಕ್ತಗಳು. ಉಳಿದದ್ದು ಗಂಧಕಾಮ್ಲದ ದ್ರಾವಣ ಮತ್ತು ಪ್ಲಾಸ್ಟಿಕ್. ವ್ಯಾಪಾರಿಯ ಕಣ್ಣಿಗೆ ಇದು ಅತ್ಯುತ್ತಮ ಸರಕು, ಏಕೆಂದರೆ ಸೀಸವನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಲೋಕದಲ್ಲಿ ಬಳಕೆಯಾಗುವ ಸೀಸದಲ್ಲಿ ಸುಮಾರು ಶೇಕಡಾ 85 ಬ್ಯಾಟರಿಗಳಿಗೇ ಹೋಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದಕಾರಣ ಹಳೆಯ ಬ್ಯಾಟರಿಯನ್ನು ಯಾರೂ ಬೀದಿಗೆ ಎಸೆಯುವುದಿಲ್ಲ, ಮಾರುತ್ತಾರೆ. ಬೀದಿಯಲ್ಲಿ ಅದು ಕಾಣದಿರುವುದರಿಂದಲೇ ಅದರ ವಿಷಯದಲ್ಲಿ ನಾವು ನಿಶ್ಚಿಂತರಾಗಿದ್ದೇವೆ.

ಮಾರಿದ ಮೇಲೆ ಅದಕ್ಕೆ ಎರಡು ದಾರಿಗಳು. ಒಂದು, ಅನುಮತಿ ಪಡೆದ ಕಾರ್ಖಾನೆ. ಅಲ್ಲಿ ಯಂತ್ರವು ಪೆಟ್ಟಿಗೆಯನ್ನು ಒಡೆಯುತ್ತದೆ. ಆಮ್ಲವನ್ನು ಪಾತ್ರೆಗೆ ಇಳಿಸಿ ನಿಸ್ತೇಜಗೊಳಿಸುತ್ತಾರೆ. ಮುಚ್ಚಿದ ಕುಲುಮೆಯಲ್ಲಿ ಸೀಸವನ್ನು ಕರಗಿಸಿ, ಹೊಗೆಯನ್ನು ಶೋಧಕಗಳ ಮೂಲಕ ಹಾಯಿಸಿ, ಅದರಲ್ಲಿಯ ಧೂಳನ್ನೂ ಹಿಡಿದಿಡುತ್ತಾರೆ. ಎರಡನೆಯದು ಯಾವುದೋ ಊರಿನ ಹೊರವಲಯದ ಬಯಲು. ಅಲ್ಲಿ ಕೊಡಲಿಯಿಂದ ಪೆಟ್ಟಿಗೆಯನ್ನು ಒಡೆದು, ಆಮ್ಲವನ್ನು ನೆಲಕ್ಕೋ ಗಟಾರಕ್ಕೋ ಚೆಲ್ಲಿ, ಪ್ಲೇಟುಗಳನ್ನು ಇದ್ದಿಲಿನ ಬೆಂಕಿಯಲ್ಲಿ ಕರಗಿಸುತ್ತಾರೆ. ಸೀಸ 327 ಡಿಗ್ರಿಗೇ ಕರಗುವುದರಿಂದ ದೊಡ್ಡ ಕುಲುಮೆಯ ಅವಶ್ಯಕತೆಯೂ ಇಲ್ಲ. ಚೆಲ್ಲಿದ ಆಮ್ಲದೊಡನೆ ಸೀಸದ ಪುಡಿಯೂ ಮಣ್ಣು ಸೇರುತ್ತದೆ. ಹೊಗೆಯಲ್ಲಿ ಹೋದದ್ದು ಸುತ್ತಲಿನ ಹೊಲ, ಮನೆಯಂಗಳ, ದನದ ಮೇವಿನ ಮೇಲೆ ಇಳಿಯುತ್ತದೆ. ಸೀಸವು ಮೂಲಧಾತು. ಅದು ಕೊಳೆಯುವುದಿಲ್ಲ, ಆವಿಯಾಗಿ ಮಾಯವಾಗುವುದೂ ಇಲ್ಲ. ಮೇಲ್ಮಣ್ಣಿನಲ್ಲಿ ಶತಮಾನಗಳ ಕಾಲ ಕುಳಿತಿರುತ್ತದೆ. ಪ್ರತಿಷ್ಠಾಪನೆ ಎಂಬ ಪದಕ್ಕೆ ಇದಕ್ಕಿಂತ ಘೋರವಾದ ಅನ್ವಯವನ್ನು ನಾನು ಊಹಿಸಲಾರೆ.

ದೇಹವು ಸೀಸವನ್ನು ಸುಣ್ಣದಂಶವೆಂದು ಭ್ರಮಿಸಿ ಎಲುಬಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಗರ್ಭಿಣಿಯ ಎಲುಬಿನಿಂದ ಅದು ಮತ್ತೆ ರಕ್ತಕ್ಕಿಳಿದು ಶಿಶುವನ್ನು ಸೇರುತ್ತದೆ. ನುಂಗಿದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಮಣ್ಣಿನಲ್ಲಿ ಆಡಿ ಕೈಯನ್ನು ಬಾಯಿಗಿಡುವವರೂ ಅವರೇ. ಮೆದುಳು ಬೆಳೆಯುವ ವಯಸ್ಸಿನಲ್ಲಿ ಆದ ಹಾನಿಯನ್ನು ಮರಳಿ ಸರಿಪಡಿಸುವ ಔಷಧವಿಲ್ಲ. ಇಷ್ಟು ಪ್ರಮಾಣದವರೆಗೆ ನಿರಪಾಯ ಎಂಬ ಗೆರೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ.

ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರಿನ ಹೊರವಲಯದಲ್ಲಿ ತಿಯಾರೊಯ್ ಸುರ್ ಮೇರ್ ಎಂಬ ಬಡಾವಣೆಯಿದೆ. ಅಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆಯುವ ಕಸುಬು ನಡೆದಿತ್ತು. ಸೀಸದ ಬೆಲೆ ಏರಿದಾಗ ಅಲ್ಲಿಯ ಜನ ಆ ಮಣ್ಣನ್ನೇ ಜರಡಿ ಹಿಡಿದು ಸೀಸದ ಚೂರುಗಳನ್ನು ಆರಿಸಿ ಮಾರತೊಡಗಿದರು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ಜರಡಿ ಹಿಡಿದವರು ಕ್ರೂರಿಗಳೇನೂ ಅಲ್ಲ, ಸಂಸಾರ ನಡೆಸಲು ನಾಲ್ಕು ಕಾಸು ಗಳಿಸಹೊರಟವರು. ನಮ್ಮ ದೇಶದ ಸ್ಥಿತಿಯನ್ನು ಹೇಳಬೇಕಾದರೆ, 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಹೊರತಂದ ವರದಿಯು ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿರುವ ಮಕ್ಕಳ ಸಂಖ್ಯೆಯನ್ನು ಲೋಕದಲ್ಲಿ 80 ಕೋಟಿಯವರೆಗೆ, ಭಾರತವೊಂದರಲ್ಲಿಯೇ ಸುಮಾರು 27 ಕೋಟಿಯೆಂದು ಅಂದಾಜು ಮಾಡಿತು. ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1999ರಲ್ಲಿ ಬೆಂಗಳೂರಿನಲ್ಲಿ ಸೀಸವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಜರುಗಿತ್ತು. ದೇಶದ ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತೆಂಬುದು ಆಗ ಬೆಳಕಿಗೆ ಬಂತು. ಅಂದು ಮುಖ್ಯ ಅಪರಾಧಿ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ. 2000ದಲ್ಲಿ ಅದು ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ವೆಂಕಟೇಶ ತುಪ್ಪಿಲ್ ಅವರು ಈ ವಿಷದ ಪರೀಕ್ಷೆಗೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಬೆಳೆಸಿದರು. ಪೆಟ್ರೋಲಿನ ಸೀಸವನ್ನು ನಿಲ್ಲಿಸಲು ಸರಕಾರದ ಒಂದು ಆಜ್ಞೆ ಸಾಕಾಯಿತು. ಬ್ಯಾಟರಿಯ ಸೀಸ ಹಾಗಲ್ಲ. ಅದು ಮನೆಮನೆಯ ಬಾಗಿಲಿನಿಂದ ಹೊರಡುತ್ತದೆ.

ಕಾನೂನು ಏನು ಹೇಳುತ್ತದೆ? 2001ರ ಮೇ ತಿಂಗಳಲ್ಲಿಯೇ ಕೇಂದ್ರ ಸರಕಾರ ಸೀಸದ ಬ್ಯಾಟರಿಗಳಿಗೆ ನಿಯಮಗಳನ್ನು ಮಾಡಿತ್ತು. ಹೊಸದನ್ನು ಮಾರುವವನು ಹಳೆಯದನ್ನು ಮರಳಿ ಪಡೆಯಬೇಕು, ಪಡೆದುದರ ಲೆಕ್ಕವನ್ನು ಆರು ತಿಂಗಳಿಗೊಮ್ಮೆ ಒಪ್ಪಿಸಬೇಕು. ಕೊಳ್ಳುವವನು ಹಳೆಯದನ್ನು ಅವನಿಗೋ ನೋಂದಾಯಿತ ಮರುಬಳಕೆದಾರನಿಗೋ ಮಾತ್ರ ಕೊಡಬೇಕು ಎಂಬುದು ಅವುಗಳ ತಾತ್ಪರ್ಯ. 2022ರ ಆಗಸ್ಟಿನಲ್ಲಿ ಅವುಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಇವು ಸೀಸಕ್ಕೆ ಮಾತ್ರ ಸೀಮಿತವಲ್ಲ. ಗಡಿಯಾರದ ಸೆಲ್ಲಿನಿಂದ ವಿದ್ಯುತ್ ವಾಹನದ ಬ್ಯಾಟರಿಯವರೆಗೆ ಎಲ್ಲಕ್ಕೂ ಅನ್ವಯಿಸುತ್ತವೆ. ಮಾರಿದಷ್ಟನ್ನು ನಿರ್ದಿಷ್ಟ ಪ್ರಮಾಣದಲ್ಲಿ ಮರಳಿ ಪಡೆದು ಮರುಬಳಕೆಗೆ ತಲುಪಿಸುವ ಹೊಣೆ ಈಗ ತಯಾರಕನದು. ಪೆಟ್ಟಿಗೆಯ ಮೇಲೆ ಗೀಟು ಹಾಕಿದ ಕಸದ ಡಬ್ಬಿಯ ಚಿತ್ರವನ್ನು ತಾವು ನೋಡಿರಬಹುದು. ಇದನ್ನು ಮನೆಯ ಕಸದೊಡನೆ ಸೇರಿಸಬೇಡಿರೆಂದು ಅದರ ಅರ್ಥ. ಬಳಕೆದಾರನಿಗೆ ಈ ನಿಯಮಗಳು ವಿಧಿಸುವುದು ಎರಡೇ ಮಾತು: ಬೇರೆ ಕಸದಿಂದ ಪ್ರತ್ಯೇಕವಾಗಿ ಇಡು, ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವ ಯೋಗ್ಯರ ಕೈಗೆ ಕೊಡು. ಉತ್ಸರ್ಗ ಸಮಿತಿಯ ಸೂತ್ರವನ್ನು ರಾಜಪತ್ರದ ಭಾಷೆಯಲ್ಲಿ ಬರೆದಂತಿದೆ.

ಈ ಎಲ್ಲ ವಿಚಾರಕ್ಕೆ ಪ್ರೇರಣೆಯಾದ ಸಂಗತಿಯನ್ನು ಈಗ ಹೇಳಬೇಕು. ನಮ್ಮ ಭಾಗದ ಒಂದು ಬಸದಿಯ ಟ್ರಸ್ಟಿನ ಸಭೆ. ಇನ್ವರ್ಟರಿನ ನಾಲ್ಕು ಬ್ಯಾಟರಿಗಳು ಆಯುಷ್ಯ ಮುಗಿಸಿದ್ದವು. ಹೊಸದನ್ನು ಕೊಡುವ ಅಂಗಡಿಯವರು ಹಳೆಯದಕ್ಕೆ ಒಂದಕ್ಕೆ 4,600 ರೂಪಾಯಿಯಂತೆ ವಜಾ ಮಾಡಿಕೊಳ್ಳುವೆವೆಂದರು. ಗುಜರಿಯವನು 5,200 ಹೇಳಿದ. ನಗದು, ಪಾವತಿಯಿಲ್ಲ, ಅಂದೇ ಸಂಜೆ ಒಯ್ಯುತ್ತಾನೆ. ಒಟ್ಟು 2,400 ರೂಪಾಯಿಯ ಅಂತರ. ಒಯ್ದು ಎಲ್ಲಿಗೆ ಕೊಡುತ್ತೀ ಎಂದು ವಿಚಾರಿಸಿದರೆ ಅವನಿಗೂ ಸರಿಯಾಗಿ ತಿಳಿಯದು. ಲಾರಿ ಬರುತ್ತದೆ, ತುಂಬಿಕೊಂಡು ಹೋಗುತ್ತದೆ.

ಖಜಾಂಚಿಯಾಗಿರುವ ತರುಣ ಪ್ರಾಮಾಣಿಕ. "ಕಾಕಾ, ನಮ್ಮ ಮನಿದಾಗಿದ್ರ ಬಿಟ್ಟಬಿಡಬಹುದಿತ್ರಿ. ಇದು ದೇವರ ರೊಕ್ಕ. ಕಡಿಮಿಗೆ ಕೊಟ್ಟು ನಾಳೆ ಯಾರಾದರೂ ಕೇಳಿದ್ರ ಏನ್ ಹೇಳೂಣು?" ಎಂದನು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ದೇವದ್ರವ್ಯದ ಒಂದು ಕಾಸೂ ನಷ್ಟವಾಗಬಾರದೆಂಬುದು ವಿಶ್ವಸ್ತರ ಮೊದಲ ಧರ್ಮ. ತನ್ನ ದಾಕ್ಷಿಣ್ಯದ ಪುಣ್ಯವನ್ನು ದೇವರ ಹುಂಡಿಯಿಂದ ಖರೀದಿಸುವ ವಿಶ್ವಸ್ತರನ್ನು ಕಂಡರೆ ನನಗೂ ಆಗುವುದಿಲ್ಲ. ಹೆಚ್ಚು ಬೆಲೆ ಕೂಗಿದವನಿಗೆ ಕೊಡಬೇಕೆಂಬ ರೂಢಿಯು ಸ್ವಜನಪಕ್ಷಪಾತವನ್ನು ತಡೆಯಲಿಕ್ಕೆಂದೇ ಹುಟ್ಟಿದ್ದು, ಒಳ್ಳೆಯ ರೂಢಿ.

ಆದರೆ ಆ ರೂಢಿಗೆ ನಾವೇ ಹಾಕಿಕೊಂಡ ಮೇರೆಯೊಂದಿದೆ. ಅದೇ ಟ್ರಸ್ಟಿಗೆ ಬಾಡಿಗೆಯ ಮಳಿಗೆಗಳಿವೆ. ಮದ್ಯದಂಗಡಿಗೆ ಕೇಳಿದವನು ದುಪ್ಪಟ್ಟು ಬಾಡಿಗೆ ಕೊಡಲು ಸಿದ್ಧನಿದ್ದರೂ ಅವನಿಗೆ ಕೊಡುವುದಿಲ್ಲ. ಕರಾರುಪತ್ರದಲ್ಲಿಯೇ ಹಾಗೆ ಬರೆದಿದೆ. ಅದರಿಂದ ದೇವದ್ರವ್ಯಕ್ಕೆ ನಷ್ಟವಾಯಿತೆಂದು ಇದುವರೆಗೆ ಯಾವ ಲೆಕ್ಕಪರಿಶೋಧಕನೂ ಬರೆಯಲಿಲ್ಲ. ನಮ್ಮದಲ್ಲದ ಆದಾಯವನ್ನು ನಷ್ಟವೆಂದು ತೋರಿಸುವ ಕಲಮು ಯಾವ ಖತಾವಣಿಯಲ್ಲಿಯೂ ಇಲ್ಲ. ಹಾಗಾದರೆ ಪ್ರಶ್ನೆ ಇಷ್ಟೇ: ಆ 2,400 ರೂಪಾಯಿ ನಮ್ಮದೇ? ಗುಜರಿಯವನು ಹೆಚ್ಚು ಕೊಡಲು ಶಕ್ತನಾದದ್ದು ಹೇಗೆ? ಆಮ್ಲವನ್ನು ನಿಸ್ತೇಜಗೊಳಿಸುವ ಖರ್ಚು, ಹೊಗೆ ಶೋಧಿಸುವ ಖರ್ಚು, ತೆರಿಗೆ, ಕೆಲಸಗಾರರ ರಕ್ತಪರೀಕ್ಷೆಯ ಖರ್ಚು ಆ ದಾರಿಯ ಕೊನೆಯಲ್ಲಿರುವವನಿಗೆ ಬರುವುದಿಲ್ಲ. ಆ ಖರ್ಚು ಇಲ್ಲವಾಗಲಿಲ್ಲ. ಕುಲುಮೆಯ ಪಕ್ಕದ ಗುಡಿಸಲಿನ ಮಗುವಿನ ಹೆಸರಿಗೆ ಬರೆಯಲ್ಪಟ್ಟಿತು. ಅಲ್ಲಿ ಉಳಿತಾಯವಾದುದರಲ್ಲಿ ಒಂದು ಪಾಲು ಹಿಂದಿರುಗಿ ಬಂದು ನಮ್ಮ ಬಸದಿಯ ಕೀರ್ದಿಯಲ್ಲಿ ಜಮಾ ಆಗುತ್ತದೆ.

ಹಿರಿಯರೊಬ್ಬರು ಶಾಸ್ತ್ರಾಧಾರ ಕೇಳಿದರು. ಬ್ಯಾಟರಿಯ ಪ್ರಸ್ತಾಪ ಯಾವ ಶ್ರಾವಕಾಚಾರದಲ್ಲಿದೆ ಎಂಬ ಅವರ ಪ್ರಶ್ನೆಯಲ್ಲಿ ಸ್ವಲ್ಪ ಹಾಸ್ಯವೂ ಇತ್ತು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹದಿನೈದು ಖರಕರ್ಮಗಳ ಪಟ್ಟಿಯನ್ನು ಪ್ರಸ್ತಾಪಿಸುತ್ತಾರೆ. ಶ್ರಾವಕನು ಮಾಡಬಾರದ ಕ್ರೂರ ಜೀವನೋಪಾಯಗಳವು. ಬೆಂಕಿ ಇದ್ದಿಲುಗಳ ಕಸುಬು ಅದರಲ್ಲಿ ಒಂದು, ವಿಷದ ವ್ಯಾಪಾರ ಇನ್ನೊಂದು. ಸೀಸ ಕರಗಿಸುವುದನ್ನು ಈ ಎರಡರಲ್ಲಿ ಯಾವುದರೊಳಗೂ ಸೇರಿಸಬಹುದು. ಆದರೆ ಆಶಾಧರರ ಮಾತಿನ ಸ್ವಾರಸ್ಯ ಮುಂದಿದೆ. ಕೆಲವರು ಹೀಗೆ ಪಟ್ಟಿ ಮಾಡುತ್ತಾರೆ, ಅದು ಸಮಂಜಸವಲ್ಲ, ಏಕೆಂದರೆ ಲೋಕದಲ್ಲಿ ಸಾವದ್ಯ ಕರ್ಮಗಳು ಎಣಿಕೆಗೆ ಸಿಗವು. ತೀರ ಮಂದಮತಿಗಳಿಗೆ ಬೇಕಾದರೆ ಹೀಗೆ ಎಣಿಸಿ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಅಂದಮೇಲೆ ಬ್ಯಾಟರಿ ಪಟ್ಟಿಯಲ್ಲಿ ಇಲ್ಲವೆಂಬುದು ವಿನಾಯಿತಿಯಾಗಲಾರದು. ನಮ್ಮಂಥವರ ಮತಿಯನ್ನು ಅರಿತೇ ಸರಕಾರ 2022ರಲ್ಲಿ ಎಣಿಸಿ ಬರೆದಿರಬೇಕು ಎಂದು ನಾನೆಂದಾಗ ಸಭೆ ನಕ್ಕಿತು.

ಇನ್ನೊಂದು ಆಧಾರ ಇದಕ್ಕಿಂತ ನೇರವಾದುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ವಿರುದ್ಧರಾಜ್ಯಾತಿಕ್ರಮವನ್ನು ಸೇರಿಸಿದ್ದಾರೆ. ಸಮಂತಭದ್ರರು ರತ್ನಕರಂಡಕದಲ್ಲಿ ಆ ಸ್ಥಾನದಲ್ಲಿ ವಿಲೋಪವೆಂದಿದ್ದಾರೆ. ರಾಜ್ಯದ ನ್ಯಾಯವಾದ ನಿಯಮವನ್ನು ಮೀರಿ ಲಾಭ ಪಡೆಯುವುದು ಕಳ್ಳತನದ ಜಾತಿಗೆ ಸೇರಿದ್ದೆಂದು ಇದರ ಅಭಿಪ್ರಾಯ. ವ್ಯಾಪಾರಿ ಸಮಾಜಕ್ಕೆ ಈ ಸೂತ್ರವನ್ನು ತೂಕ ಅಳತೆಗಳ ಸಂದರ್ಭದಲ್ಲಿ ಮಾತ್ರ ನೆನಪಿಸುವುದು ವಾಡಿಕೆ. ಕಾನೂನಿನ ದಾರಿಯನ್ನು ತಪ್ಪಿಸಿದುದರಿಂದ ಬಂದ ಹೆಚ್ಚಿನ ಬೆಲೆಗೂ ಅದು ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಒಡೆಯುವವರು ನಾವಲ್ಲವಲ್ಲ, ನಾವು ಮಾರಿದೆವಷ್ಟೇ ಎಂಬ ಸಮಾಧಾನವೂ ಆ ಸಭೆಯಲ್ಲಿ ಕೇಳಿಬಂತು. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲುಗಳಿಂದ ಕರ್ಮಾಸ್ರವವಾಗುತ್ತದೆಂದು ಬಲ್ಲವರ ಬಾಯಿಯಿಂದಲೇ ಈ ಮಾತು ಬರುವುದು ಆಶ್ಚರ್ಯ. ಹಿಂಸೆಗೆ ಸಾಧನವಾಗುವ ಕೊಡಲಿ, ಖಡ್ಗ, ಬೆಂಕಿ ಮುಂತಾದವುಗಳನ್ನು ಪರರಿಗೆ ಕೊಡುವುದನ್ನೇ ಸಮಂತಭದ್ರರು ಹಿಂಸಾದಾನವೆಂದು ಅನರ್ಥದಂಡದಲ್ಲಿ ಎಣಿಸಿದರು. ಹಾಗೆ ಕೊಟ್ಟವನು ಕಡಿಯಲಿಲ್ಲ, ಕೊಟ್ಟನಷ್ಟೇ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮತ್ತಯೋಗವನ್ನು ಮೊದಲಿಗಿಟ್ಟರು. ಬ್ಯಾಟರಿ ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಮಾರಿದ ಕಾಲ ಬೇರೆ. ತಿಳಿದ ಮೇಲೆ ವಿಚಾರಿಸದಿರುವುದೇ ಪ್ರಮಾದ.

ಗುಜರಿಯವನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅವನು ಬಡವ, ಸೈಕಲ್ಲಿನ ಮೇಲೆ ಹಳ್ಳಿಹಳ್ಳಿ ಸುತ್ತಿ ನಾವು ಬೇಡವೆಂದುದನ್ನೆಲ್ಲ ಒಯ್ಯುವವನು. ಕಬ್ಬಿಣ, ರದ್ದಿ, ಪ್ಲಾಸ್ಟಿಕ್ಕುಗಳಲ್ಲಿ ಅವನು ಮಾಡುವ ಕೆಲಸವನ್ನು ಯಾವ ಪಂಚಾಯಿತಿಯೂ ಮಾಡಿಲ್ಲ. ಸೀಸದ ವಿಷ ಮೊದಲು ಸೇರುವುದೂ ಅವನಂಥವರ ಮನೆಯನ್ನೇ. ಹೊಸ ನಿಯಮಗಳು ಸಂಗ್ರಹಿಸುವವನಿಗೂ ಸ್ಥಾನ ಕೊಟ್ಟಿವೆ. ಒಡೆಯದೆ, ಆಮ್ಲ ಚೆಲ್ಲದೆ, ನೋಂದಾಯಿತರಿಗೆ ಒಪ್ಪಿಸಿದರೆ ಅವನ ಕಸುಬಿಗೆ ಅಡ್ಡಿಯಿಲ್ಲ. ಅವನು ಅಂಥ ಪಾವತಿ ತಂದು ತೋರಿಸುವ ದಿನ ನಾನು ಅವನಿಗೇ ಕೊಡಿರೆನ್ನುತ್ತೇನೆ. ಅಂಗಡಿಯ ಬೋರ್ಡು ದೊಡ್ಡದಿದ್ದ ಮಾತ್ರಕ್ಕೆ ಅಂಗಡಿಯವನನ್ನು ನಂಬಬೇಕಾಗಿಯೂ ಇಲ್ಲ. ಅವನೂ ಹಿಂಬಾಗಿಲಿನಿಂದ ಅದೇ ಲಾರಿಗೆ ತುಂಬಬಹುದು. ಆದುದರಿಂದ ಬಿಲ್ಲಿನಲ್ಲಿ ಹಳೆಯ ಬ್ಯಾಟರಿಗಳ ಸಂಖ್ಯೆ, ತೂಕ, ವಜಾ ಮಾಡಿದ ಮೊತ್ತವನ್ನು ಪ್ರತ್ಯೇಕವಾಗಿ ಬರೆಯಿಸಿ, ಅವನು ಯಾವ ನೋಂದಾಯಿತರಿಗೆ ಕಳಿಸುತ್ತಾನೆಂದು ಕೇಳಿಕೊಳ್ಳಬೇಕೆಂದು ಸೂಚಿಸಿದೆ. ಮಧ್ಯದಲ್ಲಿ ಬ್ಯಾಟರಿಯನ್ನು ಬಹಳ ದಿನ ಇಡಬೇಕಾಗಿ ಬಂದರೆ ನೆಟ್ಟಗೆ ನಿಲ್ಲಿಸಿ, ಕೆಳಗೆ ಪ್ಲಾಸ್ಟಿಕ್ ತಟ್ಟೆಯಿಟ್ಟು, ಮಕ್ಕಳ ಮತ್ತು ದನಗಳ ಕಾಲಿಗೆ ಸಿಗದ ಕಡೆ ಇಡಬೇಕು. ಮಳೆಗೆ ಬಿಡಬಾರದು.

ಸಣ್ಣ ಸೆಲ್ಲುಗಳ ಸಮಸ್ಯೆ ಬೇರೆ ತರಹದ್ದು. ಅವಕ್ಕೆ ಬೆಲೆಯಿಲ್ಲ, ಆದುದರಿಂದ ಕೊಳ್ಳುವವರೂ ಇಲ್ಲ. ಸತ್ತವು ನೇರವಾಗಿ ತಿಪ್ಪೆಗೆ ಬೀಳುತ್ತವೆ. ಇಂದಿನ ಸಾಧಾರಣ ಗಡಿಯಾರದ ಸೆಲ್ಲು ಸೀಸದಷ್ಟು ಭೀಕರವಲ್ಲವೆಂದು ಒಪ್ಪುತ್ತೇನೆ. ಭಯವನ್ನು ಅಳತೆ ಮೀರಿ ಬೆಳೆಸುವುದೂ ಅಸತ್ಯವೇ. ಮೊಬೈಲಿನ ಲಿಥಿಯಂ ಬ್ಯಾಟರಿ ಹಾಗಲ್ಲ. ಅದು ಉಬ್ಬಿದರೂ ಚುಚ್ಚಿಸಿಕೊಂಡರೂ ಹೊತ್ತಿಕೊಳ್ಳುತ್ತದೆ. ಕಸದ ಗಾಡಿಯಲ್ಲಿ ಒತ್ತಿಸಿಕೊಂಡರೆ ಇಡೀ ಗಾಡಿಗೆ ಬೆಂಕಿ. ಗುಂಡಿಯಾಕಾರದ ಲಿಥಿಯಂ ಸೆಲ್ಲನ್ನು ಕೂಸು ನುಂಗಿದರೆ ಎರಡು ಗಂಟೆಗಳೊಳಗೆ ಅನ್ನನಾಳ ಸುಡಬಹುದು. ಮನೆಮದ್ದು ಮಾಡುತ್ತ ಕೂಡದೆ ದೊಡ್ಡ ಆಸ್ಪತ್ರೆಗೆ ಓಡಬೇಕು.

ಇಲ್ಲಿ ನಮ್ಮ ಸಮಾಜದಲ್ಲಿಯೇ ಹೊಸದಾಗಿ ಬಂದ ಪದ್ಧತಿಯೊಂದನ್ನು ಪ್ರಸ್ತಾಪಿಸುವೆ. ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದ ದಿನ. ಎಣ್ಣೆಯ ದೀಪಕ್ಕೆ ಹುಳುಗಳು ಬಿದ್ದು ಸಾಯುತ್ತವೆಂಬ ಕನಿಕರದಿಂದ ಅನೇಕ ಮನೆಗಳಲ್ಲಿ, ಕೆಲವು ಬಸದಿಗಳಲ್ಲಿಯೂ, ಪ್ಲಾಸ್ಟಿಕ್ಕಿನ ಪುಟ್ಟ ಬ್ಯಾಟರಿ ಹಣತೆಗಳನ್ನು ಸಾಲಾಗಿ ಇಡತೊಡಗಿದ್ದಾರೆ. ಭಾವ ಶುದ್ಧವಾದುದು. ಆದರೆ ಹಣತೆಯ ಅಡಿಯಲ್ಲಿ ಒಂದೊಂದು ಗುಂಡಿ ಸೆಲ್ಲಿದೆ. ನಾಲ್ಕು ರಾತ್ರಿಗೆ ಅದರ ಆಯುಷ್ಯ ಮುಗಿಯುತ್ತದೆ, ಹಣತೆ ಸಹಿತ ಕಸಕ್ಕೆ ಹೋಗುತ್ತದೆ. ಕಣ್ಣೆದುರಿಗೆ ಬೀಳುವ ಪತಂಗವನ್ನು ಉಳಿಸಿ, ಕಾಣದ ನೆಲದಲ್ಲಿ ಕೆಡುಕನ್ನು ಇಟ್ಟಂತೆ. ಗಾಜಿನ ಕವಚದೊಳಗೆ ಒಂದೇ ಎಣ್ಣೆಯ ದೀಪವನ್ನಿಟ್ಟು, ಉಳಿದ ಅಲಂಕಾರಕ್ಕೆ ಹತ್ತು ವರ್ಷ ಬಾಳುವ ವಿದ್ಯುದ್ದೀಪದ ಸರವನ್ನು ಬಳಸಿದರೆ ಎರಡೂ ಹಿಂಸೆ ಕಡಿಮೆಯಾಗುತ್ತವೆಂದು ನನ್ನ ಮತ. ಪಂಡಿತರು ಬೇರೆ ಹೇಳಿದರೆ ಕೇಳಲು ಸಿದ್ಧನಿದ್ದೇನೆ.

ಆ ಟ್ರಸ್ಟಿನ ಠರಾವು ಕೊನೆಗೆ ಹೀಗಾಯಿತು: ಟ್ರಸ್ಟಿಗೆ ಸೇರಿದ ಯಾವುದೇ ಹಳೆಯ ಬ್ಯಾಟರಿಯನ್ನು ಪಾವತಿ ಕೊಡದವರಿಗೆ ಮಾರತಕ್ಕದ್ದಲ್ಲ, ಹೊಸದು ಕೊಳ್ಳುವಾಗ ಹಳೆಯದರ ತೂಕ ಸಹಿತ ಬಿಲ್ಲನ್ನು ಕಡತದಲ್ಲಿ ಇಡತಕ್ಕದ್ದು, ಇದನ್ನು ಬೆಲೆಯ ನಷ್ಟವೆಂದು ಪರಿಗಣಿಸತಕ್ಕದ್ದಲ್ಲ. ಒಬ್ಬ ಸದಸ್ಯರು ಭಿನ್ನಾಭಿಪ್ರಾಯ ದಾಖಲಿಸಿದರು. ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆದಿದೆ. ಖಜಾಂಚಿ ತಾನೇ ಮುಂದಾಗಿ, ಬಸದಿಯ ಕಾರ್ಯಾಲಯದಲ್ಲಿ ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಯೊಂದನ್ನು ಸಣ್ಣ ಸೆಲ್ಲುಗಳಿಗಾಗಿ ಇಟ್ಟಿದ್ದಾನೆ. ಗುಂಡಿ ಸೆಲ್ಲು ಮತ್ತು ಲಿಥಿಯಂ ಬ್ಯಾಟರಿಗಳ ತುದಿಗೆ ಟೇಪು ಸುತ್ತಿಯೇ ಹಾಕಬೇಕೆಂದು ಮುಚ್ಚಳದ ಮೇಲೆ ಚೀಟಿ ಅಂಟಿಸಿದೆ. ಉಬ್ಬಿದ ಬ್ಯಾಟರಿಗಳನ್ನು ಅದಕ್ಕೆ ಹಾಕಗೊಡದೆ ಹೊರಗಿನ ಮರಳಿನ ಡಬ್ಬಿಯಲ್ಲಿ ಇಡಿಸುತ್ತಾನೆ. ಪರ್ಯೂಷಣದ ದಿನಗಳಲ್ಲಿ ಪಾಠಶಾಲೆಯ ಮಕ್ಕಳು ಮನೆಮನೆಯಿಂದ ತಂದು ಅದನ್ನು ಮುಕ್ಕಾಲು ತುಂಬಿಸಿದ್ದಾರೆ. ತುಂಬಿದ ಮೇಲೆ ಬೆಳಗಾವಿಗೆ ಸರಕು ತರಲು ಹೋಗುವ ನಮ್ಮ ಗಾಡಿಯಲ್ಲಿ ಒಯ್ದು ನೋಂದಾಯಿತ ಸಂಗ್ರಹಕಾರರಿಗೆ ಒಪ್ಪಿಸುವುದೆಂದು ಮಾತಾಗಿದೆ. ಆ ಪಾವತಿಯೂ ಕಡತಕ್ಕೆ ಸೇರಬೇಕು. ಈ ಭಾಗದ ಬೇರೆ ಬಸದಿಗಳವರೂ ಹೀಗೆ ಸಂಗ್ರಹಿಸಿಟ್ಟಿದ್ದರೆ ಒಂದೇ ಖೇಪಿನಲ್ಲಿ ಎಲ್ಲವನ್ನೂ ಒಯ್ಯಬಹುದು. ಗಾಡಿಯ ಬಾಡಿಗೆ ಕೇಳುವುದಿಲ್ಲ.